ಕೊಬ್ಬರಿ ಬೆಲೆ ಅಡಿಕೆಯನ್ನು ಸೋಲಿಸಿದ್ದು ಹೇಗೆ?

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. "ಸರ್, ಅಡಿಕೆ ಕಂಬ ಚಾರ್ಟ್ ದಾಟಿ ಆಚೆ ಹೋಗ್ತಿದೆ." ಅವನ ಟಿಎಸ್‌ವಿ ಫೈಲ್‌ನಲ್ಲಿ (ಕಾಲಂಗಳ ನಡುವೆ ಟ್ಯಾಬ್ ಇರುವ ಪಠ್ಯ ಫೈಲ್) ಕೊಬ್ಬರಿ ಬೆಲೆ 9800, ಅಡಿಕೆಯದು 46500. ಎರಡರಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ, ಬ್ರೌಸರ್‌ನಲ್ಲಿ ಚಾರ್ಟ್ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ಡಿ3 9800 ಅನ್ನುತ್ತಿತ್ತು! ಚಾರ್ಟ್‌ನ ಎತ್ತರವೂ ಅಷ್ಟಕ್ಕೇ ನಿಂತಿತ್ತು.

ಡಿ3ಯದ್ದು ತಪ್ಪಿಲ್ಲ. ಟ್ಯಾಬ್ ಫೈಲ್ ಓದಿ ಅದು ಕೊಡುವುದೆಲ್ಲ ಬರೀ ಪಠ್ಯ, ಅಂಕಿಗಳೂ ಸೇರಿ. ನಿಘಂಟಿನಲ್ಲಿ ಪದ ಜೋಡಿಸುವಂತೆ ಮೊದಲ ಅಕ್ಷರ ನೋಡುತ್ತದೆ. 4 ಆದಮೇಲೆ 9 ಬರುತ್ತದೆ, ಹಾಗಾಗಿ 9800 ದೊಡ್ಡದು, ಅಷ್ಟೇ. ಸಾಲು ಓದುವಾಗಲೇ ಕೋಡ್‌ನಲ್ಲಿ ಬೆಲೆಯ ಎಡಕ್ಕೆ ಒಂದು ಪ್ಲಸ್ ಚಿಹ್ನೆ ಹಾಕಿದರೆ ಅದು ಸಂಖ್ಯೆಯಾಗುತ್ತದೆ.

ಆದರೆ ನಮ್ಮವರು ಬರೆಯುವುದು 46,500 ಅಂತ, ಅಲ್ವಾ? ಕಾಮಾ ಇದ್ದರೆ ಪ್ಲಸ್ ಕೊಡುವುದು ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲ. ಮೊದಲು ಕಾಮಾ ತೆಗೆಯಬೇಕು. ಖಾಲಿ ಕೋಶ ಇನ್ನೂ ಮೋಸದ್ದು. ಪ್ಲಸ್ ಅದನ್ನು ಸೊನ್ನೆ ಮಾಡುತ್ತದೆ. ಮಂಡಿಗೆ ರಜೆ ಇದ್ದ ದಿನ ಅಡಿಕೆ ಧಾರಣೆ ನೆಲಕ್ಕೆ ಬಿದ್ದಂತೆ ಗೆರೆ ಇಳಿಯುತ್ತದೆ. ಯಾವುದು ಸಂಖ್ಯೆ, ಯಾವುದು ಪಠ್ಯ ಅಂತ ತಾನೇ ಊಹಿಸುವ ಡಿ3ಯ ಆಟೊಟೈಪ್ ಖಾಲಿಯನ್ನು ನಲ್ (ಬೆಲೆಯೇ ಇಲ್ಲ) ಎಂದೇ ಇಡುತ್ತದೆ, ನಿಜ. ಆದರೆ ಬೆಂಗಳೂರಿನ 080 ಕೋಡನ್ನೂ 80 ಮಾಡಿಬಿಡುತ್ತದೆ. ಅದಕ್ಕೇ ನಾನು ಒಂದೊಂದು ಕಾಲಂನ ಪರಿವರ್ತನೆಯನ್ನೂ ಕೈಯಾರೆ ಬರೆಯುತ್ತೇನೆ. ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಊರಿನ ಹೆಸರು ಕನ್ನಡದಲ್ಲಿದ್ದರೆ ಫೈಲ್ ಉಳಿಸುವಾಗ ಎಕ್ಸೆಲ್‌ನ ಟ್ಯಾಬ್ ಡಿಲಿಮಿಟೆಡ್ ಆಯ್ಕೆ ಬೇಡ. ಶಿರಸಿ, ಸಾಗರ ಎಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಅಲ್ಲೇ ಇರುವ ಯೂನಿಕೋಡ್ ಟೆಕ್ಸ್ಟ್ ಅಕ್ಷರ ಉಳಿಸುತ್ತದೆ. ಆದರೆ ಅದು ಅಕ್ಷರಗಳನ್ನು ಇಡುವ ಬಗೆ ಯುಟಿಎಫ್-16. ಬ್ರೌಸರ್ ಅದನ್ನು ಇನ್ನೊಂದು ಬಗೆಯಾದ ಯುಟಿಎಫ್-8 ಅಂದುಕೊಂಡೇ ಓದಿ ಕಲಸುಮೇಲೋಗರ ಮಾಡುತ್ತದೆ. ಗೂಗಲ್ ಶೀಟ್ಸ್‌ನಿಂದ ಟಿಎಸ್‌ವಿ ಇಳಿಸಿಕೊಂಡರೆ ಈ ಗೋಳಿಲ್ಲ.

ಇನ್ನು ಹಳೆಯ ಕೋಡ್ ಎತ್ತಿಕೊಂಡು ಬರುವವರು. 2018ರಲ್ಲಿ ಬಂದ ಡಿ3ಯ 5ನೇ ಆವೃತ್ತಿಯಿಂದ, ಫೈಲ್ ಓದುವ ಟಿಎಸ್‌ವಿ ಫಂಕ್ಷನ್ ಪ್ರಾಮಿಸ್ ಕೊಡುತ್ತದೆ, ಅಂದರೆ ಡೇಟಾ ಆಮೇಲೆ ಕೊಡುತ್ತೇನೆ ಅನ್ನುವ ಮಾತು. ಮೊದಲಿನಂತೆ ಎರಡನೇ ಜಾಗದಲ್ಲಿ ಕಾಲ್‌ಬ್ಯಾಕ್ (ಫೈಲ್ ಓದಿ ಮುಗಿದ ಮೇಲೆ ಎರರ್, ಡೇಟಾ ಪಡೆಯಬೇಕಿದ್ದ ಫಂಕ್ಷನ್) ಕೊಟ್ಟರೆ ಅದನ್ನು ಪ್ರತಿ ಸಾಲಿಗೂ ಕರೆಯುತ್ತದೆ. ಆಗ 'ಎರರ್' ಅನ್ನುವ ಜಾಗಕ್ಕೆ ಬರುವುದು ಫೈಲಿನ ಮೊದಲ ಸಾಲು! ಎರರ್ ಇದ್ದರೆ ಎಸೆ ಅಂತ ಬರೆದಿದ್ದರೆ, ಒಳ್ಳೆಯ ಡೇಟಾವನ್ನೇ ದೋಷ ಅಂತ ಎಸೆಯುತ್ತದೆ. ಬ್ರೌಸರ್ ದೋಷ ತೋರಿಸುವ ಕನ್ಸೋಲ್‌ನಲ್ಲಿ ಕೆಂಪು ಗೆರೆ, ಒಳಗೆ ನಿಮ್ಮದೇ ಶಿರಸಿ ಅಡಿಕೆ.

ಪುಟವನ್ನು ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಫೈಲ್ ಲೋಡ್ ಆಗಲ್ಲ. ಬ್ರೌಸರ್ ತಡೆಯುತ್ತದೆ. ಸರ್ವರ್ ಮೂಲಕ ತೆರೆಯಬೇಕು. ಪೈಥಾನ್ ಜೊತೆ ಬರುವ ಪುಟ್ಟ ಸರ್ವರ್ ಸಾಕು.

ಎಲ್ಲ ಸರಿಯಿದ್ದೂ ಬೆಲೆ ಸಿಗದಿದ್ದರೆ ಡೇಟಾದ ಕಾಲಮ್ಸ್ ಪಟ್ಟಿ ಪ್ರಿಂಟ್ ಮಾಡಿ. ಅದರಲ್ಲಿ ಒಂದೇ ಒಂದು ಉದ್ದನೆಯ ಹೆಸರಿದ್ದರೆ, ನಿಮ್ಮ ಎಡಿಟರ್ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿ ಉಳಿಸಿದೆ.