ನಮ್ಮ ದನಾ ಏನ್ ತಿನ್ನಬೇಕ್ರಿ?

ಹೋದ ಬೇಸಿಗೆಯಲ್ಲಿ ಹಾವೇರಿ ಕೋರ್ಟಿನ ಹೊರಗೆ ಚಹಾ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ದೂರದ ಸಂಬಂಧದ ನಮ್ಮ ಅತ್ತಿ. ಬದುವಿನ ಜಗಳ ಬೆಳೆದು, ಪಕ್ಕದ ಹೊಲದವರ ಹುಡುಗ ರಾತ್ರಿ ಅವರ ಕಣಕಿ ಬಣವಿಗೆ ಬೆಂಕಿ ಇಟ್ಟಿದ್ದ. ಅತ್ತಿಯ ಮಗನಿಗೆ ಅವರ ಬಣವಿಯನ್ನೂ ಸುಡುವ ಸಿಟ್ಟು. ವಕೀಲರು ಎಷ್ಟು ವರ್ಷ ಶಿಕ್ಷೆ ಆಗಬಹುದು ಅಂತ ಲೆಕ್ಕ ಹೇಳುತ್ತಿದ್ದರು. ಅತ್ತಿ ಬಸಿಗೆ ಸುರುವಿಕೊಂಡ ಚಹಾ ಊದುತ್ತ ಕೇಳಿದರು: "ಅವಾ ಜೇಲಿಗೆ ಹೋಗ್ಲಿ, ಬಿಡ್ಲಿ. ನಮ್ಮ ದನಾ ಏನ್ ತಿನ್ನಬೇಕ್ರಿ?"

ನಮ್ಮದು ಹಳೇ ಬಾಸೆಲ್ ಮಿಷನ್ ಕುಟುಂಬ. ಸ್ವಿಟ್ಜರ್ಲೆಂಡಿನ ಆ ಕ್ರೈಸ್ತ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಚಿಕ್ಕಂದಿನಿಂದ ಓದಿದ ಕನ್ನಡ ಬೈಬಲ್‌ನಲ್ಲಿ ಸೇಡಿಗೆ ಇರುವ ಮಾತು 'ಮುಯ್ಯಿ'. ಮುಯ್ಯಿ ತೀರಿಸುವುದು ನನ್ನ ಕೆಲಸ, ನಿಮ್ಮದಲ್ಲ ಅಂತ ದೇವರು ಹೇಳಿದ್ದಾನೆ ಎಂದು ಪೌಲ ರೋಮಾಪುರದವರಿಗೆ ಬರೆಯುತ್ತಾನೆ. ಮದುವೆಯಲ್ಲಿ ಮಾಡುವ ಮುಯ್ಯಿಯೂ ಇದೇ ಪದ. ಅವರು ಐನೂರು ಕೊಟ್ಟರೆ ನೋಟ್‌ಬುಕ್‌ನಲ್ಲಿ ಬರೆದಿಟ್ಟು ನಾವು ಐನೂರಾ ಒಂದು ಕೊಡುತ್ತೇವೆ. ಸೇಡೂ ಹಾಗೇ ಅಲ್ವಾ? ಪ್ರತಿ ಸಲ ಒಂದು ರೂಪಾಯಿ ಜಾಸ್ತಿ. ಲೆಕ್ಕ ಮುಗಿಯುವುದೇ ಇಲ್ಲ. ('ನ್ಯಾಯ' ಅನ್ನೋ ಪದಕ್ಕೂ ಹೀಗೇ ಎರಡು ಅರ್ಥ. ನಮ್ಮ ಕಡೆ ಜಗಳ ತೆಗೆಯುವುದಕ್ಕೂ 'ನ್ಯಾಯ ತೆಗೆಯೋದು' ಅಂತಾರೆ!)

ಬೈಬಲ್‌ನ ಮೊದಲ ಪುಸ್ತಕದಲ್ಲೇ ಲೆಮೆಕ ಎಂಬವನು ಹೆಂಡತಿಯರ ಮುಂದೆ ಜಂಬ ಕೊಚ್ಚುತ್ತಾನೆ. ನನಗೆ ಗಾಯ ಮಾಡಿದವನನ್ನು ಕೊಂದೆ, ನನ್ನ ಸೇಡು ಎಪ್ಪತ್ತೇಳರಷ್ಟು ಅಂತ. ಇಂಥ ಜನಕ್ಕೆ 'ಕಣ್ಣಿಗೆ ಕಣ್ಣು' ಅಂದದ್ದು ಪ್ರಚೋದನೆಯಲ್ಲ, ಕಡಿವಾಣ. ಒಂದು ಕಣ್ಣಿಗೆ ಒಂದೇ ಕಣ್ಣು, ತಲೆ ಅಲ್ಲ. ಈ ನಿಯಮ ಇರುವುದು ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ. ಅದನ್ನು ಎಲ್ಲರೂ ಹೇಳುತ್ತಾರೆ. ಮುಂದಿನ ಪುಟ ತಿರುಗಿಸುವವರು ಕಡಿಮೆ. 22ನೇ ಅಧ್ಯಾಯದ 6ನೇ ವಚನದಲ್ಲಿ ಸಾಕ್ಷಾತ್ ಬಣವಿಯೇ ಇದೆ! ಬೆಂಕಿ ಹಬ್ಬಿ ತೆನೆಯ ಬಣವಿ ಸುಟ್ಟರೆ, ಬೆಂಕಿ ಹೊತ್ತಿಸಿದವನು ನಷ್ಟ ತುಂಬಿಕೊಡಬೇಕು. ಅವನ ಬಣವಿ ಸುಡಿರಿ ಅಂತ ಅಲ್ಲಿಲ್ಲ. ಅತ್ತಿ ಕೇಳಿದ್ದೂ ಇಷ್ಟೇ.

ಯೇಸು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಕೆನ್ನೆ ತೋರಿಸು ಎಂದ. ಇದನ್ನು 'ಸುಮ್ನೆ ಹೊಡೆಸಿಕೋ' ಅಂತ ಓದುವವರು ಜಾಸ್ತಿ. ಆದರೆ ಮಹಾಯಾಜಕನ ಮುಂದೆ ವಿಚಾರಣೆ ನಡೆದಾಗ ಓಲೇಕಾರನೊಬ್ಬ ಯೇಸುವಿನ ಕೆನ್ನೆಗೆ ಬಾರಿಸುತ್ತಾನೆ. ಯೇಸು ತಿರುಗಿ ಹೊಡೆಯಲಿಲ್ಲ, ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ನಾನು ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಅಂತ ಕೇಳಿದ. ನನ್ನ ಮಟ್ಟಿಗೆ ಸೇಡಿಗೂ ನ್ಯಾಯಕ್ಕೂ ಇರುವ ವ್ಯತ್ಯಾಸ ಆ ಪ್ರಶ್ನೆಯಲ್ಲೇ ಇದೆ.

ನಾಲ್ಕನೇ ಶತಮಾನದಲ್ಲಿ ರೋಮಿನ ಚಕ್ರವರ್ತಿಗಳೇ ಕ್ರೈಸ್ತರಾದರು. ಆಗ ಕತ್ತಿ ಇವರ ಕೈಗೇ ಬಂತು. 412ರ ಸುಮಾರಿಗೆ ಉತ್ತರ ಆಫ್ರಿಕಾದಲ್ಲಿ ಎದುರು ಪಂಗಡದವರು ಬಿಷಪ್ ಅಗಸ್ಟೀನರ ಕಡೆಯ ಒಬ್ಬ ಪಾದ್ರಿಯನ್ನು ಕೊಂದು, ಇನ್ನೊಬ್ಬರ ಕಣ್ಣು ಕಿತ್ತರು. ಈ ತಪ್ಪಿತಸ್ಥರ ಕಣ್ಣು ಕೀಳಬೇಡಿ, ಉಪಯೋಗದ ಕೆಲಸಕ್ಕೆ ಹಚ್ಚಿ ಅಂತ ಅಗಸ್ಟೀನ್ ಅಧಿಕಾರಿಗೆ ಪತ್ರ ಬರೆದರು. ಇದೇ ಅಗಸ್ಟೀನ್ ಯುದ್ಧವನ್ನೂ ಸಮರ್ಥಿಸಿದವರು, ಆ ಮಾತು ಬೇರೆ.

ಕತ್ತಿಯೇ ಬೇಡ ಅಂದವರು 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಶುರುವಾದ ಅನಾಬ್ಯಾಪ್ಟಿಸ್ಟರು ಎಂಬ ಕ್ರೈಸ್ತ ಪಂಗಡದವರು. 1569ರಲ್ಲಿ ಅವರ ಪೈಕಿ ಡಿರ್ಕ್ ವಿಲ್ಲೆಮ್ಸ್ ತನ್ನನ್ನು ಹಿಡಿಯಲು ಬಂದವನು ಮಂಜುಗಡ್ಡೆ ಒಡೆದು ನೀರಿಗೆ ಬಿದ್ದಾಗ, ಓಡುವುದನ್ನು ಬಿಟ್ಟು ತಿರುಗಿ ಬಂದು ಮೇಲೆತ್ತಿದ. ಆತನನ್ನು ಹಿಡಿದು ಸುಟ್ಟುಹಾಕಿದರು. ಅದೇ ಬಳಗದ ಮೆನೊನೈಟರಿಂದ 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ ಹೊಸ ದಾರಿ ತೆರೆಯಿತು. ಇಬ್ಬರು ಹುಡುಗರು ಕುಡಿದು 22 ಕಡೆ ಆಸ್ತಿ ಹಾಳು ಮಾಡಿದ್ದರು. ಅವರು ಮನೆ ಮನೆಗೆ ಹೋಗಿ, ಎದುರು ನಿಂತು ಮಾತಾಡಿ, ನಷ್ಟ ಕಟ್ಟಿಕೊಡುವಂತಾಯಿತು.

ಹಾಗಾದರೆ ಕ್ಷಮಿಸಿದರೆ ಕೇಸು ಬಿಡಬೇಕಾ? ಆಸ್ಟ್ರೇಲಿಯಾದ ಮಿಷನರಿ ಗ್ಲಾಡಿಸ್ ಸ್ಟೇನ್ಸ್ ಅವರ ಗಂಡ ಮತ್ತು ಇಬ್ಬರು ಗಂಡುಮಕ್ಕಳನ್ನು 1999ರಲ್ಲಿ ಒಡಿಶಾದಲ್ಲಿ ಜೀವಂತ ಸುಟ್ಟರು. ಅವರು ಕ್ಷಮಿಸಿದೆ ಎಂದರು. ಕೋರ್ಟು ತನ್ನ ಕೆಲಸ ಮಾಡಿತು. 2003ರಲ್ಲಿ ಮುಖ್ಯ ಅಪರಾಧಿಗೆ ಗಲ್ಲು, 2005ರಲ್ಲಿ ಹೈಕೋರ್ಟಿನಿಂದ ಜೀವಾವಧಿ, 2011ರಲ್ಲಿ ಸುಪ್ರೀಂ ಕೋರ್ಟು ಜೀವಾವಧಿಯನ್ನೇ ಖಾಯಂ ಮಾಡಿತು. ಕ್ಷಮೆ ಅವರ ಮನೆಯದು, ತೀರ್ಪು ಕೋರ್ಟಿನದು.

ಅತ್ತಿಯ ಕೇಸೂ ಇನ್ನೂ ನಡೆದಿದೆ. ನಡುವೆ ಊರ ಹಿರಿಯರು ಕೂತು, ಹುಡುಗನ ಮನೆಯವರು ಎರಡು ಟ್ರ್ಯಾಕ್ಟರ್ ಕಣಕಿ ಕೊಡಬೇಕು ಅಂತ ಮಾತಾಡಿದರು. ಮೊದಲ ಟ್ರ್ಯಾಕ್ಟರ್ ತಂದವನು ಬೆಂಕಿ ಇಟ್ಟ ಹುಡುಗನೇ. ಅವತ್ತು ಅತ್ತಿ ಫೋನ್ ಮಾಡಿದ್ದರು. ಅವನಿಗೆ ಚಹಾ ಕೊಟ್ಟಿರೇನು ಅಂತ ಕೇಳಿದೆ.

"ಕೊಟ್ಟೆ. ಇನ್ನೊಂದು ಟ್ರ್ಯಾಕ್ಟರ್ ಯಾವಾಗ ತರ್ತಿ ಅಂತನೂ ಕೇಳಿದೆ" ಅಂದರು.