ಕೌನ್ಸೆಲರ್ ಹತ್ತಿರ ಹೋದರೆ ಟಿಸಿಯಲ್ಲಿ ಬರೆಯುತ್ತಾರಾ?

ಪ್ರಶ್ನೆ: ಮಗ 2ನೇ ತರಗತಿ, ಮಂಡ್ಯದಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆ. ಎರಡು ವಾರದಿಂದ ಕ್ಲಾಸಿನಲ್ಲಿ ಬಾಯೇ ಬಿಡುತ್ತಿಲ್ಲವಂತೆ. ಕೌನ್ಸೆಲರ್ ಹತ್ತಿರ ಕಳಿಸುತ್ತೇವೆ, ಸಹಿ ಹಾಕಿ ಅಂತ ಡೈರಿಯಲ್ಲಿ ಬರೆದಿದ್ದಾರೆ. ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ಇಷ್ಟು ಚಿಕ್ಕವರಿಗೆ ಕೌನ್ಸೆಲರ್ ಏನು ಮಾಡುತ್ತಾರೆ? ನಾಳೆ ಟಿಸಿಯಲ್ಲಿ ಬಂದರೆ ಮೈಸೂರಿನಲ್ಲಿ ಸೀಟು ಸಿಗುತ್ತಾ?

ಉತ್ತರ: ಸಹಿ ಹಾಕಿ. ಟಿಸಿಯಲ್ಲಿ ಬರುವುದಿಲ್ಲ.

ಈ ಪ್ರಶ್ನೆ ಶಾಲೆ ಶುರುವಾದಾಗ ಒಂದು ಸಲ, ದಸರಾ ರಜೆ ಮುಗಿದ ಮೇಲೆ ಇನ್ನೊಂದು ಸಲ ಬಂದೇ ಬರುತ್ತದೆ. ಕೇಳುವವರು ಬೇರೆ, ಊರು ಬೇರೆ, ಟಿಸಿ ಭಯ ಮಾತ್ರ ಅದೇ. ಮದ್ದೂರು ಕಡೆಯ ಒಬ್ಬ ತಾತ ನನ್ನೆದುರೇ ಕೂತು ಕೇಳಿದ್ದರು: "ನಮ್ ಹೈದಂಗೆ ಏನೂ ಆಗಿಲ್ಲ ಕಣವ್ವ. ಟೀಸೀಲಿ ಬರ್ದ್‌ಬುಟ್ರೆ ಮುಂದಕ್ಕೆ ಯಾರ್ ಸೇರುಸ್ಕತ್ತಾರೆ?" ಇಂಜಿನಿಯರ್ ಅಪ್ಪಂದಿರೂ ಇದನ್ನೇ ಕೇಳುತ್ತಾರೆ, ಭಾಷೆ ಮಾತ್ರ ಸ್ವಲ್ಪ ನಯವಾಗಿರುತ್ತದೆ.

ನಿಮ್ಮದೇ ಹಳೆಯ ಟಿಸಿ ಬೀರುವಿನಲ್ಲಿ ಎಲ್ಲೋ ಇರುತ್ತದೆ, ತೆಗೆದು ನೋಡಿ. ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ, ಜಾತಿ, ಓದಿದ ತರಗತಿ, ಹಾಜರಾತಿ, ಶುಲ್ಕ ಬಾಕಿ ಇದೆಯೋ ಇಲ್ಲವೋ. ಕೊನೆಗೆ ನಡತೆ. ಆ ನಡತೆಯ ಕಾಲಂನಲ್ಲಿ ಮೇಷ್ಟ್ರ ಸೈಕಲ್ ಗಾಳಿ ಬಿಟ್ಟವನಿಗೂ "ಉತ್ತಮ" ಅಂತಲೇ ಬರೆದಿರುತ್ತಾರೆ. ಕೌನ್ಸೆಲಿಂಗ್ ಅಂತ ಒಂದು ಕಾಲಂ ಅಲ್ಲಿಲ್ಲ. ಇಲ್ಲದ ಕಾಲಂ ತುಂಬಿಸುವಷ್ಟು ಪುರುಸೊತ್ತು ನಮ್ಮ ಶಾಲೆಗಳ ಕ್ಲರ್ಕ್‌ಗಳಿಗೂ ಇಲ್ಲ.

ಸರಿ, ಹೊಸ ಶಾಲೆಯವರಿಗೆ ಹೇಗೋ ಗೊತ್ತಾಯಿತು ಅಂತಲೇ ಇಟ್ಟುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ ಮಾಡಿ ಆರಿಸುವ ಹಾಗಿಲ್ಲ. ಮಾಡಿದರೆ ಮೊದಲ ಸಲ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50,000ದವರೆಗೆ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವುದಾದರೆ ಇನ್ನೂ ಸುಲಭ: ಟಿಸಿ ತಡವಾಯಿತು ಅನ್ನುವ ಕಾರಣಕ್ಕೂ ಸೇರಿಸಿಕೊಳ್ಳದೆ ಇರುವಂತಿಲ್ಲ ಅಂತ 5ನೇ ಸೆಕ್ಷನ್ ಹೇಳುತ್ತದೆ. ಅಂದರೆ ನೀವು ಹೆದರುತ್ತಿರುವ ಆ ಕಾಗದಕ್ಕೆ ನೀವು ಅಂದುಕೊಂಡಷ್ಟು ಬಲವೇ ಇಲ್ಲ. ಕಾಯ್ದೆ ಇದ್ದರೂ ಯುಕೆಜಿ ಮಗುವಿಗೆ "ಇಂಟರಾಕ್ಷನ್" ಅಂತ ಇಂಟರ್ವ್ಯೂ ಮಾಡುವ ಶಾಲೆಗಳಿವೆ, ಗೊತ್ತು. ಅವರು ಅಲ್ಲೂ ನೋಡುವುದು ಬಣ್ಣದ ಹೆಸರು ಹೇಳುತ್ತಾ, ಅಪ್ಪ ಎಲ್ಲಿ ಕೆಲಸ ಮಾಡುತ್ತಾರೆ ಅನ್ನುವುದನ್ನು.

ಹಾಗಾದರೆ ಕೌನ್ಸೆಲರ್ ಬರೆದುಕೊಳ್ಳುವುದು ಎಲ್ಲಿಗೆ ಹೋಗುತ್ತದೆ? ಅವರ ಫೈಲಿಗೆ. ಆ ಫೈಲು ಬೀಗ ಹಾಕಿದ ಕಪಾಟಿನಲ್ಲಿರಬೇಕು. ಕ್ಲಾಸ್ ಟೀಚರ್‌ಗೆ ಕ್ಲಾಸಿನಲ್ಲಿ ಏನು ಮಾಡಬೇಕು ಅನ್ನುವಷ್ಟು ಮಾತ್ರ ಹೇಳುತ್ತಾರೆ: ಮುಂದಿನ ಬೆಂಚಿನಲ್ಲಿ ಕೂರಿಸಿ, ಎಲ್ಲರೆದುರು ಎದ್ದು ಓದು ಅನ್ನಬೇಡಿ, ಇಷ್ಟೇ. ನಿಮ್ಮ ಮನೆಯ ಜಗಳ ಸ್ಟಾಫ್ ರೂಮಿನ ಮಾತಾದರೆ ಅದು ತಪ್ಪು, ನೀವು ಮುಖ್ಯ ಶಿಕ್ಷಕರನ್ನು ಧಾರಾಳವಾಗಿ ಪ್ರಶ್ನಿಸಬಹುದು. ಗುಟ್ಟು ಮುರಿಯಲೇಬೇಕಾದ ಸಂದರ್ಭ ಒಂದಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿರುವುದೇ ಅಪರಾಧ. ಶಾಲೆಯ ಹೆಸರು ಕೆಡುತ್ತದೆ, ಮನೆ ಮರ್ಯಾದೆ ಹೋಗುತ್ತದೆ ಅನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ.

ಇಷ್ಟಾದರೂ ಈ ಭಯ ಸಾಯುವುದಿಲ್ಲ. ಅದಕ್ಕೆ ಅರ್ಧ ಕಾರಣ ಶಾಲೆಯವರೇ. ಹಿಂದೆ "ಹೆಡ್ ಮೇಷ್ಟ್ರ ಹತ್ತಿರ ಕಳಿಸ್ತೀನಿ ನೋಡು" ಅನ್ನುತ್ತಿದ್ದವರು ಈಗ "ಕೌನ್ಸೆಲರ್ ಹತ್ತಿರ ಕಳಿಸ್ತೀನಿ" ಅನ್ನುತ್ತಾರೆ. ಆಯಾ ಬಾಗಿಲಲ್ಲಿ ನಿಂತು ಜೋರಾಗಿ ಹೆಸರು ಕೂಗುತ್ತಾರೆ, ನಲವತ್ತು ತಲೆ ಒಟ್ಟಿಗೆ ತಿರುಗುತ್ತವೆ. ಮಗು ವಾಪಸ್ ಬರುವಷ್ಟರಲ್ಲಿ ಅಡ್ಡಹೆಸರು ರೆಡಿ. ಟೀಚರ್‌ಗಳೇ, ಇದನ್ನು ಎಷ್ಟು ಸಲ ಹೇಳಬೇಕು? ಡ್ರಾಯಿಂಗ್ ಪೀರಿಯಡ್‌ನಲ್ಲಿ ಸುಮ್ನೆ ಹತ್ತಿರ ಹೋಗಿ ಕರೆದರೆ ಆಯಿತು.

ಇನ್ನು, ಏನು ಮಾಡುತ್ತಾರೆ ಅಂದಿರಿ. ಚಿಕ್ಕ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು "ನಿನ್ನ ಸಮಸ್ಯೆ ಏನು ಪುಟ್ಟ?" ಅಂದರೆ ಅದು ಫ್ಯಾನ್ ನೋಡುತ್ತದೆ. ಆದ್ದರಿಂದ ಕ್ರೇಯಾನ್, ಜೇಡಿಮಣ್ಣು, ಗೊಂಬೆ. ಬುದ್ಧಿ ಹೇಳುವುದಂತೂ ಕೆಲಸವೇ ಅಲ್ಲ, ಅದನ್ನು ಮನೆಯಲ್ಲಿ ಐದಾರು ಜನ ಆಗಲೇ ಹೇಳಿರುತ್ತಾರೆ. ನನ್ನ ಹತ್ತಿರ ಬಂದಿದ್ದ ಮೂರನೇ ತರಗತಿಯ ಒಂದು ಹುಡುಗಿಗೆ ದಿನಾ ಮಧ್ಯಾಹ್ನ ಹೊಟ್ಟೆನೋವು. ಡಾಕ್ಟರಿಗೆ ತೋರಿಸಿದ್ದಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಶಾಲೆಯ ಚಿತ್ರ ಬರಿ ಅಂದಾಗ ಎಲ್ಲ ಕೋಣೆ ಬರೆದಳು, ಟಾಯ್ಲೆಟ್ ಮೇಲೆ ಕಪ್ಪು ಬಣ್ಣ ಬಳಿದಳು. ಹೋಗಿ ನೋಡಿದರೆ ಬಾಗಿಲಿಗೆ ಚಿಲಕವಿಲ್ಲ. ಬೆಳಿಗ್ಗೆಯಿಂದ ನೀರು ಕುಡಿಯದೆ, ಬಂದದ್ದನ್ನು ತಡೆದುಕೊಂಡು ಕೂತಿರುತ್ತಿದ್ದಳು. ಚಿಲಕ ಹಾಕಿಸುವುದಕ್ಕೆ ನಾನು ಆಫೀಸಿಗೆ ಅಲೆದದ್ದೇ ಆ ಮಗುವಿಗೆ ಸಿಕ್ಕ ಕೌನ್ಸೆಲಿಂಗ್! ಪ್ರಾಥಮಿಕ ಶಾಲೆಯಲ್ಲಿ ಈ ಕೆಲಸ ಜಾಸ್ತಿ ನಡೆಯುವುದು ದೊಡ್ಡವರ ಜೊತೆಗೆ.

ನಿಮ್ಮ ಮಗನ ವಿಷಯಕ್ಕೂ ಅಷ್ಟೇ. ಎರಡು ವಾರದ ಹಿಂದೆ ಏನು ಬದಲಾಯಿತು ಅಂತ ಕೌನ್ಸೆಲರ್ ನಿಮ್ಮನ್ನು ಕೇಳುತ್ತಾರೆ. ಜಾಗ ಬದಲಾಯಿಸಿದರಾ, ವ್ಯಾನ್ ಬದಲಾಯಿತಾ, ಯಾರಾದರೂ ಹೊಡೆದರಾ? ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು ಎರಡಕ್ಕೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ನಿಷೇಧವಿದೆ. ಕನ್ನಡ ಮಾತಾಡಿದರೆ ಫೈನ್ ಅಂತೇನಾದರೂ ಹೊಸದಾಗಿ ಶುರುವಾಗಿದೆಯಾ ಅಂತಲೂ ವಿಚಾರಿಸಿ. ಮನೆಯಲ್ಲಿ ಪಟಪಟ ಅನ್ನುವ ಮಗು ಅಲ್ಲಿ ಮೂಕನಾಗುವುದಕ್ಕೆ ಅಷ್ಟೇ ಸಾಕು. ನೆಗಡಿಯಿಂದ ಕಿವಿ ಕಟ್ಟಿರಬಹುದು, ಅದನ್ನೂ ಒಮ್ಮೆ ತೋರಿಸಿ. ಕೌನ್ಸೆಲರ್ ಮಾತ್ರೆ ಬರೆಯುವುದಿಲ್ಲ, ಬರೆಯುವ ಅಧಿಕಾರವೂ ಇಲ್ಲ. ಬೇಕಿದ್ದರೆ ಯಾರಿಗೆ ತೋರಿಸಬೇಕು ಅಂತ ಹೇಳುತ್ತಾರೆ.

ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಕೌನ್ಸೆಲರ್ ಇರುವುದಿಲ್ಲ, ಆ ಕೆಲಸವೂ ಮೇಷ್ಟ್ರ ಹೆಗಲಿಗೇ. ಅಂಥ ಕಡೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098.

ನೀವು ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಎರಡನೇ ಕ್ಲಾಸಿನಲ್ಲಿ "ದಾಖಲೆ ಆಗಬಾರದು" ಅಂತ ಮಗುವನ್ನು ಬಚ್ಚಿಡುವ ಅಪ್ಪ ಅಮ್ಮಂದಿರೇ ಹತ್ತನೇ ಕ್ಲಾಸಿನಲ್ಲಿ ದಾಖಲೆ ಬೇಕು ಅಂತ ಓಡಾಡುತ್ತಾರೆ. ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಸರಿಯಿದ್ದರೂ ಓದು, ಬರಹ, ಲೆಕ್ಕ ಹತ್ತದಿರುವುದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದು. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು, ಇಂಥ ಅನುಕೂಲಗಳಿವೆ. ಅದಕ್ಕೇ ಎಸ್‌ಎಸ್‌ಎಲ್‌ಸಿ ಹತ್ತಿರವಾದಾಗ ಈ ಧಾವಂತ. ಅಷ್ಟು ಹೊತ್ತಿಗೆ ಆ ಹುಡುಗ ಎಂಟು ವರ್ಷ "ಸೋಮಾರಿ" ಅನ್ನಿಸಿಕೊಂಡಾಗಿರುತ್ತದೆ.

ಇದರ ಸುಳಿವುಗಳು ಇಂಥವು: ಒತ್ತಕ್ಷರ ಬಿಟ್ಟು ಬರೆಯುವುದು, ದೀರ್ಘ ತಪ್ಪುವುದು, ಬೋರ್ಡಿನಿಂದ ಇಳಿಸಿಕೊಳ್ಳುವುದಕ್ಕೆ ಇಡೀ ಪೀರಿಯಡ್ ಬೇಕಾಗುವುದು. ಮೊದಲೆರಡು ತರಗತಿಯಲ್ಲಿ ಇವೆಲ್ಲ ಸಹಜ, 8 ವರ್ಷಕ್ಕೆ ಮೊದಲು ಸಾಮಾನ್ಯವಾಗಿ ಕಲಿಕಾ ನ್ಯೂನತೆ ಅಂತ ಖಚಿತವಾಗಿ ಹೇಳುವುದಿಲ್ಲ. ಮೂರು, ನಾಲ್ಕನೇ ಕ್ಲಾಸಿಗೆ ಬಂದರೂ ಹಾಗೇ ಇದ್ದರೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ಮಂಡ್ಯದಿಂದ ಒಂದು ಗಂಟೆಯ ದಾರಿ, ಕಿವಿ ಪರೀಕ್ಷೆಯೂ ಅಲ್ಲೇ ಆಗುತ್ತದೆ. ಹೋಗುವಾಗ ಮಗುವಿನ ನೋಟ್‌ಬುಕ್ ಮರೆಯಬೇಡಿ. ಹಿಂದಿನ ರಾತ್ರಿ ಕೂರಿಸಿ ಅಂದವಾಗಿ ಬರೆಸಿದ್ದಲ್ಲ, ಕೆಂಪು ಇಂಕು ಜಾಸ್ತಿ ಬಿದ್ದಿರುವುದನ್ನೇ ಒಯ್ಯಿರಿ.