ಸಂಚಾರ ನಿಂತ ಮೇಲೆ ಸುರಂಗದೊಳಗೆ ಏನಾಗುತ್ತದೆ

ಕೋಲಾರ ಮತ್ತು ಬಂಗಾರಪೇಟೆಯ ಕೆಲವು ಸೈಕಲ್ ಸವಾರರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕೈಬಿಟ್ಟ ಹೆದ್ದಾರಿಯ ಚಿತ್ರಗಳನ್ನು ಕಳಿಸಿ ಎರಡು ಪ್ರಶ್ನೆಗಳನ್ನು ಕೇಳಿದ್ದಾರೆ. ಸಂಚಾರ ನಿಂತು ಅರ್ಧ ಶತಮಾನ ಕಳೆದರೂ ಅಲ್ಲಿನ ಸುರಂಗಗಳು ಕುಸಿಯದೆ ನಿಂತಿರುವುದು ಹೇಗೆ ಎಂಬುದು ಮೊದಲನೆಯದು. ಅಲ್ಲಿ ಜನ ಸೈಕಲ್ ಹೊಡೆಯಬಹುದಾದರೆ ನಮ್ಮ ಕೆ.ಜಿ.ಎಫ್.ನ ಹಳೆಯ ಗಣಿಯ ದಾರಿಗಳಲ್ಲಿ ಒಮ್ಮೆ ಇಣುಕಿ ಬಂದರೆ ತಪ್ಪೇನು ಎಂಬುದು ಎರಡನೆಯದು. ವೃತ್ತಿಯ ಬಹುಭಾಗವನ್ನು ನೆಲದಡಿಯ ಕಾಮಗಾರಿಗಳಲ್ಲೇ ಕಳೆದಿರುವ ನನಗೆ ಇವೆರಡೂ ಬೇರೆ ಬೇರೆ ಪ್ರಶ್ನೆಗಳಾಗಿ ಕಾಣುವುದಿಲ್ಲ. ಎರಡಕ್ಕೂ ಉತ್ತರವಿರುವುದು ಗಾಳಿ ಮತ್ತು ನೀರಿನಲ್ಲಿ, ಹೆಚ್ಚಾಗಿ ನೀರಿನಲ್ಲಿ.

ಮೊದಲು ಆ ಹೆದ್ದಾರಿಯ ಹಿನ್ನೆಲೆಯನ್ನು ಹೇಳಬೇಕು, ಏಕೆಂದರೆ ಅದು ಮೂಲದಲ್ಲಿ ರಸ್ತೆಗಾಗಿ ಕೊರೆದ ದಾರಿಯೇ ಅಲ್ಲ. 1883ರ ಸುಮಾರಿಗೆ ವಿಲಿಯಂ ವ್ಯಾಂಡರ್‌ಬಿಲ್ಟ್ ಮುಂತಾದವರ ಹಣದಿಂದ ಸೌತ್ ಪೆನ್ಸಿಲ್ವೇನಿಯಾ ರೈಲುಮಾರ್ಗದ ಕೆಲಸ ಆರಂಭವಾಯಿತು. ಆಗ ಆ ಭಾಗದಲ್ಲಿ ಪ್ರಬಲವಾಗಿದ್ದ ಪೆನ್ಸಿಲ್ವೇನಿಯಾ ರೈಲ್ವೆಗೆ ಪೈಪೋಟಿ ಕೊಡುವುದು ಇದರ ಉದ್ದೇಶವಾಗಿತ್ತು. 1885ರಲ್ಲಿ ಬ್ಯಾಂಕರ್ ಜೆ.ಪಿ. ಮಾರ್ಗನ್ ಎರಡೂ ಕಡೆಯವರನ್ನು ರಾಜಿ ಮಾಡಿಸಿದ್ದರಿಂದ, ಅರ್ಧಕ್ಕೆ ಕೊರೆದ ಸುರಂಗಗಳು ಹಾಗೆಯೇ ನಿಂತುಹೋದವು. ಐದು ದಶಕಗಳ ನಂತರ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಉದ್ಯೋಗ ಸೃಷ್ಟಿಯ ಹಣದ ನೆರವಿನಿಂದ, ಅದೇ ದಾರಿಯಲ್ಲಿ ಟೋಲ್ ರಸ್ತೆಯನ್ನು ನಿರ್ಮಿಸುವ ಕೆಲಸ ನಡೆಯಿತು. 1940ರ ಅಕ್ಟೋಬರ್ 1ರಂದು ಸುಮಾರು 257 ಕಿಲೋಮೀಟರ್ ಉದ್ದದ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಸಂಚಾರಕ್ಕೆ ತೆರೆದಾಗ ಅದರಲ್ಲಿ ಏಳು ಸುರಂಗಗಳಿದ್ದವು. ಅವುಗಳಲ್ಲಿ ಆರು ಹಳೆಯ ರೈಲು ಸುರಂಗಗಳನ್ನೇ ಅಗಲಿಸಿ ಪೂರ್ತಿ ಮಾಡಿದವು. ರಸ್ತೆಯ ಏರು ಎಲ್ಲಿಯೂ ಶೇಕಡಾ 3ನ್ನು ಮೀರದಂತೆ ಮಾಡಲು ಸಾಧ್ಯವಾಗಿದ್ದು ರೈಲಿನ ಎಂಜಿನಿಯರುಗಳು ಹಾಕಿಕೊಟ್ಟ ಆ ಮಟ್ಟದಿಂದಲೇ.

ದಾರಿಯನ್ನು ಕೈಬಿಟ್ಟದ್ದು ಅದು ಹಾಳಾಯಿತೆಂದಲ್ಲ. ರಸ್ತೆ ನಾಲ್ಕು ಪಥಗಳದ್ದಾಗಿತ್ತು, ಸುರಂಗಗಳು ಮಾತ್ರ ಎರಡು ಪಥಗಳವು; ಅಲ್ಲಿ ಎದುರುಬದುರು ವಾಹನಗಳು ಒಂದೇ ಕೊಳವೆಯಲ್ಲಿ ಸಾಗಬೇಕಿತ್ತು. 1950ರ ದಶಕ ಮುಗಿಯುವ ವೇಳೆಗೆ ಸುರಂಗಗಳ ಮುಂದೆ ವಾಹನಗಳ ಸಾಲು ಬೆಳೆಯತೊಡಗಿತ್ತು. ನಾಲ್ಕು ಕಡೆ ಪಕ್ಕದಲ್ಲೇ ಎರಡನೆಯ ಕೊಳವೆ ಕೊರೆದರು. ಮೂರು ಕಡೆ ಸುರಂಗವನ್ನೇ ಬಿಟ್ಟು ಗುಡ್ಡ ಕಡಿದು ಬೈಪಾಸ್ ಮಾಡಿದರು. ರೇಸ್ ಹಿಲ್ ಮತ್ತು ಸೈಡ್ಲಿಂಗ್ ಹಿಲ್ ಸುರಂಗಗಳನ್ನು ಬದಿಗೊತ್ತಿದ, ಸುಮಾರು 21 ಕಿಲೋಮೀಟರ್ ಉದ್ದದ ಬೈಪಾಸ್ ತೆರೆದದ್ದು 1968ರ ನವೆಂಬರ್‌ನಲ್ಲಿ. ಆಗ ಬದಿಗೆ ಉಳಿದ ತುಂಡೇ ಸವಾರರು ಕಳಿಸಿದ ಚಿತ್ರಗಳಲ್ಲಿರುವ ಕೈಬಿಟ್ಟ ಹೆದ್ದಾರಿ. 1940ರಲ್ಲಿ ಗುಡ್ಡ ಕೊರೆಯುವುದೇ ಲಾಭವಾಗಿ ಕಂಡಿದ್ದ ಜಾಗದಲ್ಲಿ, ಮಣ್ಣು ಸಾಗಿಸುವ ಯಂತ್ರಗಳು ದೊಡ್ಡದಾದ ಮೇಲೆ ಗುಡ್ಡ ಕಡಿಯುವುದು ಲಾಭವಾಯಿತು. ಇಂಥ ಲೆಕ್ಕಾಚಾರ ನಮ್ಮಲ್ಲಿ ಇಂದಿಗೂ ಪ್ರತಿ ಘಾಟಿ ರಸ್ತೆಯ ಯೋಜನೆಯಲ್ಲಿ ಮತ್ತೆ ಮತ್ತೆ ನಡೆಯುತ್ತದೆ.

ಇನ್ನು ಗಾಳಿಯ ವಿಚಾರ. ರಸ್ತೆ ಸುರಂಗಕ್ಕೂ ರೈಲು ಸುರಂಗಕ್ಕೂ ಇರುವ ದೊಡ್ಡ ವ್ಯತ್ಯಾಸ ಕಾರ್ಬನ್ ಮೊನಾಕ್ಸೈಡ್. ಮೋಟಾರು ವಾಹನಗಳ ಹೊಗೆಯಲ್ಲಿರುವ ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನ್ಯೂಯಾರ್ಕಿನ ಹಾಲೆಂಡ್ ಸುರಂಗವನ್ನು 1927ರಲ್ಲಿ ತೆರೆಯುವ ಮೊದಲು ಇದರ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ, 84 ಫ್ಯಾನುಗಳಿಂದ ಗಾಳಿ ಬದಲಿಸುವ ವ್ಯವಸ್ಥೆ ಮಾಡಿದ್ದರು. ಉದ್ದನೆಯ ರಸ್ತೆ ಸುರಂಗವನ್ನು ಕಟ್ಟಬಹುದೆಂಬ ಧೈರ್ಯ ಎಂಜಿನಿಯರುಗಳಿಗೆ ಬಂದದ್ದು ಅದರಿಂದ. ಪೆನ್ಸಿಲ್ವೇನಿಯಾದ ಸುರಂಗಗಳಲ್ಲಿಯೂ ರಸ್ತೆಯ ಮೇಲೆ ಒಂದು ಚಾವಣಿ ಹಾಕಿ, ಅದರ ಮೇಲಿನ ಜಾಗವನ್ನು ಗಾಳಿಯ ನಾಳವಾಗಿ ಬಳಸಿದ್ದಾರೆ. ಸುರಂಗದ ಬಾಯಿಯ ಮೇಲಿರುವ ಕಟ್ಟಡದಲ್ಲಿ ಫ್ಯಾನುಗಳಿದ್ದವು. ರೇಸ್ ಹಿಲ್ ಏಳರಲ್ಲಿ ಅತ್ಯಂತ ಚಿಕ್ಕದು, ಸುಮಾರು 1,076 ಮೀಟರ್. ಆದ್ದರಿಂದ ಅದಕ್ಕೆ ಪಶ್ಚಿಮದ ಬಾಯಿಯಲ್ಲಿ ಮಾತ್ರ ಫ್ಯಾನಿನ ಮನೆ ಕಟ್ಟಿದರು. ಮಗಳ ಮನೆಗೆ ಹೋಗಿದ್ದಾಗ ಆ ದಾರಿಯಲ್ಲಿ ನಡೆಯುವ ಅವಕಾಶ ನನಗೆ ಸಿಕ್ಕಿತ್ತು. ಪಶ್ಚಿಮದಿಂದ ಒಳಹೊಕ್ಕು ಪೂರ್ವಕ್ಕೆ ಹೊರಬಂದು ತಿರುಗಿ ನೋಡಿದರೆ, ಒಂದೇ ಸುರಂಗಕ್ಕೆ ಎರಡು ಬೇರೆ ಮುಖಗಳಿರುವಂತೆ ಕಾಣುತ್ತದೆ: ಒಂದು ಕಡೆ ಎರಡಂತಸ್ತಿನಂಥ ಭಾರಿ ಕಟ್ಟಡ, ಇನ್ನೊಂದು ಕಡೆ ಬರಿಯ ಕಮಾನು.

ಫ್ಯಾನು ನಿಂತ ಮೇಲೆ ಆ ಸುರಂಗ ಉಸಿರಾಡುವುದು ತನ್ನ ಎರಡು ಬಾಯಿಗಳ ಮೂಲಕ. ಹೊರಗಿನ ಮತ್ತು ಒಳಗಿನ ಉಷ್ಣತೆಯ ಅಂತರ, ಎರಡು ಬಾಯಿಗಳ ಎತ್ತರದ ಅಂತರ, ಗುಡ್ಡದ ಮೇಲೆ ಬೀಸುವ ಗಾಳಿಯ ಒತ್ತಡ, ಇವು ಸೇರಿ ನಿಧಾನವಾದ ಒಂದು ಹರಿವನ್ನು ಉಂಟುಮಾಡುತ್ತವೆ. ಒಳಗೆ ವಾಹನವಿಲ್ಲ, ಕೊಳೆಯುವ ಮರವಿಲ್ಲ, ಆಮ್ಲಜನಕವನ್ನು ತಿನ್ನುವ ಗಂಧಕದ ಅದಿರಿಲ್ಲ. ಹೀಗಾಗಿ ಅಲ್ಲಿ ಉಸಿರಾಟಕ್ಕೆ ತೊಂದರೆಯಾಗದು. ಎರಡು ಕಿಲೋಮೀಟರಿಗೂ ಉದ್ದವಾದ ಸೈಡ್ಲಿಂಗ್ ಹಿಲ್‌ನಲ್ಲಿ ದೀಪವಿಲ್ಲದೆ ಸಾಗುವಂತಿಲ್ಲ. ಆದರೆ ಕತ್ತಲೆಯ ಅಪಾಯ ಬೇರೆ, ಗಾಳಿಯ ಅಪಾಯ ಬೇರೆ. ಇವೆರಡನ್ನು ಬೆರೆಸಿಕೊಂಡು ಟಾರ್ಚು ಇದ್ದರೆ ಸಾಕೆಂದು ಗಣಿಗೆ ಇಳಿಯುವವರನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ.

ಈಗ ನೀರಿನ ಮಾತು. ಸುರಂಗ ಕೊರೆದ ಕ್ಷಣದಿಂದ ಅದು ಸುತ್ತಲಿನ ಬಂಡೆಯ ನೀರಿಗೆಲ್ಲ ಚರಂಡಿಯಾಗುತ್ತದೆ. ಅಪಲಾಚಿಯನ್ ಗುಡ್ಡಗಳು ಮರಳುಗಲ್ಲು ಮತ್ತು ಜೇಡಿಗಲ್ಲಿನ ಪದರಗಳಿಂದಾದವು. ಪದರಗಳ ಸಂದಿಯಲ್ಲಿ ನೀರು ಇಳಿಯುತ್ತಲೇ ಇರುತ್ತದೆ. ಕಾಂಕ್ರೀಟಿನ ಒಳಹೊದಿಕೆ ಬಂಡೆಯನ್ನು ಹಿಡಿಯುತ್ತದೆಯೇ ಹೊರತು ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ತಡೆಯಲು ಹೋದರೆ ಹಿಂದೆ ಒತ್ತಡ ಬೆಳೆದು ಹೊದಿಕೆಯೇ ಬಿರುಕುಬಿಡುತ್ತದೆ. ಆದ್ದರಿಂದ ಬಂದ ನೀರನ್ನು ಹಿಂಬದಿಯಿಂದಲೇ ಇಳಿಸಿ, ಬದಿಯ ಚರಂಡಿಯಲ್ಲಿ ಸಾಗಿಸಿ, ಇಳಿಜಾರಿನಲ್ಲಿ ಹೊರಕ್ಕೆ ಬಿಡುವುದೇ ಸರಿಯಾದ ಕ್ರಮ. ಆ ಚರಂಡಿ ತೆರೆದಿರುವವರೆಗೂ ಸುರಂಗ ನಿಂತಿರುತ್ತದೆ. ಮೊದಲನೆಯ ಪ್ರಶ್ನೆಗೆ ಉತ್ತರವೂ ಇದೇ. ಕೊರೆದ ಬಂಡೆ ಬಹುಮಟ್ಟಿಗೆ ತನ್ನ ಭಾರವನ್ನು ತಾನೇ ಹೊತ್ತುಕೊಳ್ಳುತ್ತದೆ, ಹೊದಿಕೆ ಉಳಿದದ್ದನ್ನು ಹೊರುತ್ತದೆ, ವಾಹನದ ಭಾರವಂತೂ ಚಾವಣಿಯ ಮೇಲೆ ಎಂದೂ ಬಿದ್ದಿಲ್ಲ. ಸಂಚಾರ ನಿಂತದ್ದರಿಂದ ಸುರಂಗದ ಬಲ ಹೆಚ್ಚಿಲ್ಲ, ಕುಗ್ಗಿಯೂ ಇಲ್ಲ, ನಿಂತದ್ದು ಉಸ್ತುವಾರಿ.

ಉಸ್ತುವಾರಿ ನಿಂತದ್ದರ ಗುರುತುಗಳನ್ನು ಹತ್ತಿರದಿಂದ ನೋಡಬೇಕು. ಕಾಂಕ್ರೀಟಿನ ಎರಡು ಭಾಗಗಳು ಕೂಡುವ ಗೆರೆಯುದ್ದಕ್ಕೂ ಬಿಳಿಯ ಪಟ್ಟಿ ಇಳಿದಿರುತ್ತದೆ. ನೀರು ಸಿಮೆಂಟಿನೊಳಗಿನ ಸುಣ್ಣವನ್ನು ಕರಗಿಸಿ ತಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿದೊಡನೆ ಅದನ್ನು ಗಟ್ಟಿಯಾಗಿ ಅಲ್ಲಿಯೇ ಬಿಟ್ಟುಹೋಗಿರುತ್ತದೆ. ಪಟ್ಟಿ ಒಣಗಿ ಪುಡಿಯಾಗಿದ್ದರೆ ಅದು ಹಳೆಯ ಸೋರಿಕೆ. ತುದಿಯಲ್ಲಿ ಹನಿ ನಿಂತಿದ್ದರೆ ಇಂದಿಗೂ ನಡೆಯುತ್ತಿರುವುದು. ಬಿಳುಪಿನ ನಡುವೆ ತುಕ್ಕಿನ ಕೆಂಪು ಕಂಡರೆ ನೀರು ಒಳಗಿನ ಕಬ್ಬಿಣವನ್ನು ಮುಟ್ಟಿದೆ ಎಂದು ತಿಳಿಯಬೇಕು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಮೇಲಿನ ಕಾಂಕ್ರೀಟನ್ನು ಹೊರಕ್ಕೆ ತಳ್ಳುತ್ತದೆ. ನಾವು ತಪಾಸಣೆಯಲ್ಲಿ ಚಿಕ್ಕ ಸುತ್ತಿಗೆಯಿಂದ ಗೋಡೆಯನ್ನು ತಟ್ಟುತ್ತಾ ಹೋಗುವುದು ಇದಕ್ಕಾಗಿಯೇ. ಗಟ್ಟಿಯಾದ ಕಾಂಕ್ರೀಟು ಕಣ್‌ಕಣ್ ಎನ್ನುತ್ತದೆ, ಸಡಿಲಗೊಂಡ ಪದರ ಪೊಳ್ಳಾಗಿ ಸದ್ದು ಮಾಡುತ್ತದೆ. ಪೊಳ್ಳು ಸದ್ದು ಬಂದ ಕಡೆ ಕೆಳಗೆ ನಿಲ್ಲಬಾರದು.

ಒಂದು ಎಚ್ಚರಿಕೆ: ಒದ್ದೆಯೆಲ್ಲ ಸೋರಿಕೆಯಲ್ಲ. ಬೇಸಗೆಯಲ್ಲಿ ಹೊರಗಿನ ತೇವದ ಗಾಳಿ ತಣ್ಣನೆಯ ಸುರಂಗವನ್ನು ಹೊಕ್ಕು ಗೋಡೆಯ ಮೇಲೆ ಬೆವರಿನಂತೆ ಹನಿಗಟ್ಟುತ್ತದೆ. ಅದು ಗೋಡೆಯ ತುಂಬ ಸಮನಾಗಿ ಹರಡಿರುತ್ತದೆ. ಸೋರಿಕೆ ಮಾತ್ರ ಒಂದು ಬಿರುಕನ್ನೋ ಸಂದಿಯನ್ನೋ ಹಿಡಿದು ಬರುತ್ತದೆ. ಪೆನ್ಸಿಲ್ವೇನಿಯಾದ ಸುರಂಗಗಳಲ್ಲಿ ಹೆಚ್ಚು ಹಾಳಾಗಿರುವುದು ನಡುಭಾಗಕ್ಕಿಂತ ಬಾಯಿಯ ಹತ್ತಿರ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕರಗುವ ಈ ಆಟ ನಡೆಯುವುದು ಹೊರಗಿನ ಚಳಿ ತಲುಪುವ ಜಾಗದಲ್ಲಿ ಮಾತ್ರ. ಒಳಗೆ ಹೋದಂತೆ ವರ್ಷವಿಡೀ ಉಷ್ಣತೆ ಹೆಚ್ಚು ಬದಲಾಗುವುದಿಲ್ಲ.

ಸುರಂಗದ ಹೊರಗಿನ ರಸ್ತೆ ಇನ್ನೂ ಬೇಗ ಹಾಳಾಗುತ್ತದೆ. ಓಡಾಟವಿಲ್ಲದಿದ್ದರೆ ಡಾಂಬರು ಬಾಳಿಕೆ ಬರುತ್ತದೆಂದು ಬಹಳ ಜನ ತಿಳಿದಿದ್ದಾರೆ. ಚಕ್ರಗಳು ಮಿತವಾಗಿ ಉಜ್ಜುತ್ತಿದ್ದರೆ ಡಾಂಬರಿನ ಮೇಲ್ಮೈ ಮುಚ್ಚಿಕೊಂಡಿರುತ್ತದೆ. ಉಜ್ಜಾಟ ನಿಂತರೆ ಬಿಸಿಲು ಮತ್ತು ಗಾಳಿಗೆ ಅದು ಗಡುಸಾಗಿ ಬಿರುಕುಬಿಡುತ್ತದೆ. ಬಿರುಕಿಗೆ ನೀರು, ನೀರಿನ ಹಿಂದೆ ಬೇರು. ಇಷ್ಟಾದರೂ ಆ ಹೆದ್ದಾರಿಯ ತುಂಡು ಪೂರ್ತಿ ಅನಾಥವಾಗಿರಲಿಲ್ಲ. ಟರ್ನ್‌ಪೈಕ್ ಸಂಸ್ಥೆ ಅದನ್ನು ದೀರ್ಘಕಾಲ ತನ್ನಲ್ಲೇ ಇಟ್ಟುಕೊಂಡು ಪ್ರಯೋಗಗಳಿಗೆ ಬಳಸಿತು. ತೂಕಡಿಸುವ ಚಾಲಕರನ್ನು ಎಚ್ಚರಿಸಲು ರಸ್ತೆಯಂಚಿನಲ್ಲಿ ಕೊರೆಯುವ ಗೀರುಗಳನ್ನು ಪರೀಕ್ಷಿಸಿದ ಜಾಗಗಳಲ್ಲಿ ಇದೂ ಒಂದು. 2001ರಲ್ಲಿ ಸುಮಾರು 13.7 ಕಿಲೋಮೀಟರನ್ನು ಸ್ಥಳೀಯ ಸಂರಕ್ಷಣಾ ಸಂಸ್ಥೆಯೊಂದಕ್ಕೆ ಒಂದು ಡಾಲರಿಗೆ ಮಾರಲಾಯಿತು. ಸೈಕಲ್ ಹಾದಿಯಾದದ್ದು ಅದರ ನಂತರ. ಅಂದರೆ ಅಲ್ಲಿ ಸೈಕಲ್ ಹೊಡೆಯುವವರು ಯಾರೂ ಬೇಲಿ ಹಾರಿ ಬಂದವರಲ್ಲ, ಆ ನೆಲಕ್ಕೆ ಒಬ್ಬ ಒಡೆಯನಿದ್ದಾನೆ, ಪ್ರವೇಶಕ್ಕೆ ನಿಯಮವಿದೆ.

ಕೆ.ಜಿ.ಎಫ್.ನ ಸ್ಥಿತಿ ಇದಕ್ಕೆ ಎಲ್ಲ ರೀತಿಯಲ್ಲಿಯೂ ವಿರುದ್ಧವಾದದ್ದು. 1880ರ ದಶಕದಿಂದ ನೂರಿಪ್ಪತ್ತು ವರ್ಷ ನಡೆದ ಗಣಿಗಾರಿಕೆ 2001ರ ಫೆಬ್ರವರಿಯಲ್ಲಿ ನಿಂತಾಗ, ಚಾಂಪಿಯನ್ ರೀಫ್ ಗಣಿ ನೆಲಮಟ್ಟದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳ ತಲುಪಿತ್ತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಗಣಿ ಬದುಕಿದ್ದದ್ದು ನಿರಂತರವಾಗಿ ನಡೆಯುತ್ತಿದ್ದ ಫ್ಯಾನು ಮತ್ತು ಪಂಪುಗಳಿಂದ. ಅವು ನಿಂತ ಮೇಲೆ ನೀರು ಏರಿತು, ಗಾಳಿ ಕೆಟ್ಟಿತು. ಗಣಿಯೊಳಗೆ ಕೊಳೆಯುವ ಮರದ ಆಸರೆಗಳಿವೆ, ಗಂಧಕಯುಕ್ತ ಖನಿಜಗಳಿವೆ. ಇವು ಗಾಳಿಯ ಆಮ್ಲಜನಕವನ್ನು ಸದ್ದಿಲ್ಲದೆ ಹೀರಿಕೊಳ್ಳುತ್ತವೆ. ಸಾಮಾನ್ಯ ಗಾಳಿಯಲ್ಲಿ ಶೇಕಡಾ 20.9ರಷ್ಟಿರುವ ಆಮ್ಲಜನಕ 19.5ಕ್ಕಿಂತ ಕೆಳಗಿಳಿದರೆ ಅಲ್ಲಿ ಕೆಲಸ ಮಾಡಬಾರದೆಂಬುದು ನಾವು ಪಾಲಿಸುವ ನಿಯಮ. ಶೇಕಡಾ 10ರ ಕೆಳಗೆ ಮನುಷ್ಯ ಏನಾಯಿತೆಂದು ಅರಿಯುವ ಮೊದಲೇ ಪ್ರಜ್ಞೆ ತಪ್ಪುತ್ತಾನೆ. ಕೆಮ್ಮು ಬರುವುದಿಲ್ಲ, ಕಣ್ಣು ಉರಿಯುವುದಿಲ್ಲ. ಇದಕ್ಕಿಂತಲೂ ಜನರಿಗೆ ತಿಳಿಯದ ಸಂಗತಿ ಒಂದಿದೆ: ಮುಚ್ಚಿದ ಗಣಿಯೊಳಗಿನ ಗಾಳಿ ಹೊರಗಿನ ವಾಯುಭಾರಕ್ಕೆ ತಕ್ಕಂತೆ ಒಳಗೂ ಹೊರಗೂ ಚಲಿಸುತ್ತದೆ. ಮೋಡ ಕವಿದು ವಾಯುಭಾರ ಇಳಿದ ದಿನ ಕೆಟ್ಟ ಗಾಳಿ ಬಾಯಿಯವರೆಗೂ ಬಂದಿರುತ್ತದೆ. ನಿನ್ನೆ ಯಾರೋ ಹೋಗಿ ಸುಖವಾಗಿ ಬಂದರೆಂಬುದು ಇಂದಿಗೆ ಆಧಾರವಾಗುವುದಿಲ್ಲ.

ಶಾಫ್ಟಿನ, ಅಂದರೆ ಗಣಿಗೆ ಇಳಿಯಲು ತೋಡಿದ ಬಾವಿಯಂಥ ದಾರಿಯ, ಬಾಯಿಯ ಸುತ್ತಲಿನ ನೆಲವೂ ನಂಬಿಕೆಗೆ ಅರ್ಹವಲ್ಲ. ಮೇಲೆ ಹುಲ್ಲು ಬೆಳೆದು ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಕಟ್ಟಿದ್ದ ಮರ ಲಡ್ಡಾಗಿರಬಹುದು. ಬೇಲಿಯೊಳಗೆ ಕಾಲಿಡಬೇಡಿ, ಮಕ್ಕಳನ್ನು ಬಿಡಬೇಡಿ ಎಂದು ನಾನು ಇಲ್ಲಿ ನೇರವಾಗಿಯೇ ಹೇಳುತ್ತೇನೆ. ಒಳಗೆ ಬಿದ್ದವರನ್ನು ಎತ್ತಲು ಬರಿಗೈಯಲ್ಲಿ ಇಳಿದವರೂ ಅಲ್ಲಿಯೇ ಉಳಿಯುವುದು ಇಂಥ ಅವಘಡಗಳ ರೂಢಿ. ಬಾವಿ, ಒಳಚರಂಡಿಯ ಮ್ಯಾನ್‌ಹೋಲ್‌ಗಳಲ್ಲಿಯೂ ಸಾವುಗಳು ಒಂದರ ಮೇಲೊಂದು ಆಗುವುದು ಇದೇ ಕಾರಣಕ್ಕೆ.

ಹಾಗಾದರೆ ನಮ್ಮ ಸವಾರರು ಎಲ್ಲಿಗೆ ಹೋಗಬೇಕು? ಹಳೇ ಮದ್ರಾಸ್ ರಸ್ತೆ, ಅಂದರೆ ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಆಗಿದ್ದು ಈಗ 75 ಎನಿಸಿಕೊಂಡಿರುವ ದಾರಿಯನ್ನು ಅಗಲಿಸಿದಾಗ ಹಲವು ತಿರುವುಗಳನ್ನು ನೇರ ಮಾಡಲಾಯಿತು. ಅಂಥ ಕಡೆ ಹಳೆಯ ರಸ್ತೆಯ ತುಂಡುಗಳು ಪಕ್ಕದಲ್ಲಿ ಉಳಿದಿವೆ. ಚಿಕ್ಕಬಳ್ಳಾಪುರದ ದಾರಿಯಲ್ಲಿಯೂ ಇಂಥವನ್ನು ಕಾಣಬಹುದು. ಇಲ್ಲಿ ಸುರಂಗವಿಲ್ಲ, ಆದರೆ ಸುರಂಗದ ಪಾಠವನ್ನೇ ಕಲಿಸುವ ಮೋರಿಗಳಿವೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಕಲ್ಲಿನ ಮೋರಿ ಸಿಕ್ಕಿದರೆ ಕಮಾನಿನ ಒಳಮೈಯನ್ನು ಹೊರಗೆ ನಿಂತೇ ನೋಡಿ. ಗಾರೆ ತೊಳೆದುಹೋಗಿ ಸಂದಿಗಳು ಆಳವಾಗಿವೆಯೇ, ನೆತ್ತಿಯ ಕಲ್ಲು ಜಾರಿದೆಯೇ, ಆಲ ಅಥವಾ ಅರಳಿಯ ಬೇರು ಸಂದಿ ಹೊಕ್ಕಿದೆಯೇ, ಮೋರಿಯ ಬಾಯಿಗೆ ಹೂಳು ತುಂಬಿ ನೀರು ರಸ್ತೆಯ ಮೇಲೇ ಹರಿದ ಗುರುತಿದೆಯೇ? ಅಳತೆ ತಿಳಿಯುವಂತೆ ಒಂದು ಸೈಕಲ್ಲನ್ನು ಪಕ್ಕಕ್ಕೆ ನಿಲ್ಲಿಸಿ ಚಿತ್ರ ತೆಗೆದು, ಜಾಗದ ವಿವರದೊಡನೆ ಲೋಕೋಪಯೋಗಿ ಇಲಾಖೆಯ ತಾಲ್ಲೂಕು ಕಚೇರಿಗೋ ಗ್ರಾಮ ಪಂಚಾಯಿತಿಗೋ ಕೊಟ್ಟರೆ ಅದು ಕೆಲಸಕ್ಕೆ ಬರುವ ದಾಖಲೆ. ಅಂಥ ಎಷ್ಟೋ ಮೋರಿಗಳ ಮೇಲೆ ಇಂದಿಗೂ ಊರಿನ ಟ್ರ್ಯಾಕ್ಟರುಗಳು ಹಾಯುತ್ತವೆ.

ಹೋಗುವ ದಿನವನ್ನೂ ಆರಿಸಿಕೊಳ್ಳಿ. ಬಿರುಬೇಸಗೆಯಲ್ಲಿ ಎಲ್ಲ ಬಿರುಕುಗಳೂ ಒಂದೇ ತರಹ ಕಾಣುತ್ತವೆ. ಹಿಂಗಾರಿನ ಒಂದು ಒಳ್ಳೆಯ ಮಳೆ ನಿಂತ ಮರುದಿನ ಬೆಳಿಗ್ಗೆ ಹೋದರೆ, ರಸ್ತೆ ಒಣಗಿದ್ದರೂ ಒಡೆದ ಸಂದಿಗಳು ಇನ್ನೂ ಒದ್ದೆಯಾಗಿರುತ್ತವೆ, ನೀರು ಎಲ್ಲಿ ಇಳಿಯಿತು ಎಲ್ಲಿ ನಿಂತಿತು ಎಂಬುದು ಅಳತೆಯ ಉಪಕರಣವಿಲ್ಲದೆಯೇ ತಿಳಿಯುತ್ತದೆ.